ಕಡಲಿನ ಸೀಮೆಗಳು

ಶಾಲೆಯ ಭೂಪಟದಲ್ಲಿ ನೆಲಕ್ಕೆ ಹಲವು ಬಣ್ಣ. ಕಡಲಿಗೆ ಒಂದೇ ನೀಲಿ. ಬೆಟ್ಟಕ್ಕೆ ಕಂದು, ಬಯಲಿಗೆ ಹಸಿರು, ಮರಳುಗಾಡಿಗೆ ಹಳದಿ ಬಳಿದ ಹುಡುಗರು ಸಮುದ್ರದ ಭಾಗಕ್ಕೆ ಬಂದೊಡನೆ ನೀಲಿ ಕಡ್ಡಿಯನ್ನು ಅಡ್ಡಡ್ಡ ಎಳೆದು ಕೆಲಸ ಮುಗಿಸುವುದನ್ನು ನಾನು ಎಷ್ಟೋ ವರ್ಷ ಕಂಡಿದ್ದೇನೆ. ಅವರನ್ನು ದೂರಿ ಫಲವಿಲ್ಲ. ನೀರಿನ ಅಡಿಯಲ್ಲಿರುವುದು ಕಣ್ಣಿಗೆ ಬೀಳದು. ಕಾಣದುದಕ್ಕೆ ಬಣ್ಣ ಹಚ್ಚುವುದಾದರೂ ಹೇಗೆ?

ನಮ್ಮ ಕರಾವಳಿಯ ಮೀನುಗಾರರನ್ನು ಕೇಳಿ ನೋಡಿರಿ. ಕೆಸರು ತಳದಲ್ಲಿ ಸಿಗಡಿ, ಬಂಡೆಗಳ ನಡುವೆ ಬೇರೆ ಮೀನು, ಅಳಿವೆಯಲ್ಲಿ ಮತ್ತೊಂದು ಬಗೆ ಎಂದು ಅವರು ಬೆರಳು ಮಡಿಸಿ ಎಣಿಸಿಯಾರು. ಆಳ, ತಳದ ಮಣ್ಣು, ಬೆಳಕು, ಪ್ರವಾಹ, ನದಿ ತಂದು ಸುರಿಯುವ ಹೂಳು ಇವು ಬದಲಾದಂತೆಲ್ಲ ಜೀವಸಂಕುಲವೂ ಬದಲಾಗುತ್ತದೆ. ಹೀಗೆ ಒಂದೇ ಬಗೆಯ ಪರಿಸರವುಳ್ಳ ಭಾಗಗಳನ್ನು ಗುರುತಿಸಿ, ಕಡಲನ್ನು ಜೀವಪ್ರದೇಶಗಳಾಗಿ ವಿಂಗಡಿಸುವ ಕಾರ್ಯದಲ್ಲಿ ವಿಜ್ಞಾನಿಗಳು ತೊಡಗಿದ್ದಾರೆ.

ಇದರ ಪ್ರಯೋಜನವನ್ನು ತಿಳಿಯಲು ಆಸ್ಟ್ರೇಲಿಯದ ಈಶಾನ್ಯ ಕರಾವಳಿಯತ್ತ ನೋಡಬೇಕು. ಅಲ್ಲಿ 2,300 ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ದಿಬ್ಬಗಳ ಸಾಲಿದೆ. ಅದನ್ನು ಕಾಪಾಡಲು 1975ರಲ್ಲಿ ಕಾಯಿದೆಯೊಂದು ಬಂದಿತು. ಆ ಸಾಗರೋದ್ಯಾನದ ವಿಸ್ತಾರ ಇಂದು ಸುಮಾರು 3,44,000 ಚದರ ಕಿಲೋಮೀಟರ್. ಕರ್ನಾಟಕಕ್ಕಿಂತ ಬಹಳ ದೊಡ್ಡದು. ಆದರೆ ಅದರಲ್ಲಿ ಹವಳವಿರುವುದು ನೂರಕ್ಕೆ ಏಳು ಪಾಲಿನಷ್ಟು ಮಾತ್ರ. ಉಳಿದುದೆಲ್ಲ ಕಡಲಹುಲ್ಲು, ಮರಳು, ಕೆಸರು, ಆಳವಾದ ನೀರು. ಮೀನುಗಾರಿಕೆಯನ್ನು ಪೂರ್ತಿಯಾಗಿ ನಿಷೇಧಿಸಿದ್ದ ಭಾಗ ಮೊದಲು ನೂರಕ್ಕೆ ಐದು ಪಾಲನ್ನೂ ಮುಟ್ಟಿರಲಿಲ್ಲ. ಅದೂ ಮುಖ್ಯವಾಗಿ ಹವಳದ ಸುತ್ತಲೇ. ಚೆಲುವಾದುದಕ್ಕೆ ಕಾವಲು ದೊರೆಯಿತು, ಕೆಸರನ್ನು ಕೇಳುವವರಿರಲಿಲ್ಲ. ಕಡಲಹಸು ಮೇಯುವುದು ಹವಳವನ್ನಲ್ಲ, ಕಡಲಹುಲ್ಲನ್ನು. ಎಷ್ಟೋ ಮೀನುಗಳು ಕಾಂಡ್ಲಾ ಕಾಡಿನ ಬೇರುಗಳ ನಡುವೆ ಮರಿಗಳಾಗಿ ಬೆಳೆದು, ಬಲಿತ ಮೇಲೆ ಹವಳದ ದಿಬ್ಬವನ್ನು ಸೇರುತ್ತವೆ. ತೊಟ್ಟಿಲನ್ನು ಮರೆತು ಮನೆಯನ್ನು ಕಾಯ್ದಂತಾಗಿತ್ತು.

ಆಗ ವಿಜ್ಞಾನಿಗಳು ಇಡೀ ಉದ್ಯಾನವನ್ನು 70 ಜೀವಪ್ರದೇಶಗಳಾಗಿ ವಿಂಗಡಿಸಿದರು. ಹವಳದವು 30, ಹವಳವಿಲ್ಲದವು 40. ಪ್ರತಿಯೊಂದರಲ್ಲಿಯೂ ಕಡಿಮೆಯೆಂದರೆ ನೂರಕ್ಕೆ 20 ಪಾಲನ್ನು ಮುಟ್ಟದೆ ಬಿಡಬೇಕೆಂಬುದು ಅವರ ಸಲಹೆ. 2004ರ ಜುಲೈ 1ರಂದು ಹೊಸ ಯೋಜನೆ ಜಾರಿಗೆ ಬಂದಾಗ ನಿಷೇಧಿತ ಭಾಗ ನೂರಕ್ಕೆ 33ಕ್ಕೆ ಏರಿತು. ನಕ್ಷೆಯಲ್ಲಿ ಅದಕ್ಕೆ ಹಸಿರು ಬಣ್ಣ.

ಇದು ಸುಲಭವಾಗಿ ಆದುದಲ್ಲ. ನಕ್ಷೆಯ ಮೇಲೆ ಗೆರೆ ಎಳೆಯುವವನ ಊಟಕ್ಕೆ ತೊಂದರೆಯಿಲ್ಲ. ಆ ಗೆರೆಯೊಳಗೆ ಬಲೆ ಬೀಸುತ್ತಿದ್ದವನ ಪಾಡೇನು? ಜನರು 31,000ಕ್ಕೂ ಹೆಚ್ಚು ಅಭಿಪ್ರಾಯಪತ್ರಗಳನ್ನು ಬರೆದು ಕಳುಹಿಸಿದರು. ಅನೇಕ ಗೆರೆಗಳು ಸರಿದವು. ನಷ್ಟಕ್ಕೊಳಗಾದವರಿಗೆ ಸರ್ಕಾರ ಹಣ ಕೊಟ್ಟಿತು. ಆ ವಾದ ನಡೆದುದೇ ಒಳ್ಳೆಯದಾಯಿತೆಂದು ನನ್ನ ಎಣಿಕೆ. ಇನ್ನು, ಗೆರೆ ತಡೆಯಬಲ್ಲುದು ಬಲೆಯನ್ನೇ ಹೊರತು ಬಿಸಿನೀರನ್ನಲ್ಲ. 2016 ಮತ್ತು 2017ರಲ್ಲಿ ಕಡಲು ಕಾದು ಹವಳಗಳು ಬೆಳ್ಳಗಾದಾಗ ಹಸಿರು ಭಾಗಗಳೂ ಪಾರಾಗಲಿಲ್ಲ.

ಮೀನುಗಾರರ ಪ್ರಶ್ನೆಗೆ ಒಂದು ಉತ್ತರ 2012ರಲ್ಲಿ ಕೆಪೆಲ್ ದ್ವೀಪಗಳ ಬಳಿ ದೊರೆಯಿತು. ಅಲ್ಲಿ ಹವಳದ ದಿಬ್ಬಗಳ ನೂರಕ್ಕೆ 28 ಪಾಲಿನಷ್ಟು ಮಾತ್ರ ನಿಷೇಧಕ್ಕೆ ಒಳಪಟ್ಟಿತ್ತು. ಸಂಶೋಧಕರು ಕೋರಲ್ ಟ್ರೌಟ್ ಮೊದಲಾದ ಮೀನುಗಳ ಮರಿಗಳನ್ನು ಹಿಡಿದು, ವಂಶವಾಹಿಗಳನ್ನು ಹೋಲಿಸಿ ತಾಯ್ತಂದೆಯರನ್ನು ಗುರುತಿಸಿದರು. 30 ಕಿಲೋಮೀಟರ್ ಒಳಗೆ ನೆಲೆಸಿದ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಈ ನಿಷೇಧಿತ ಭಾಗದಲ್ಲಿಯೇ ಹುಟ್ಟಿದ್ದವು. ಅವುಗಳಲ್ಲಿ ಹಲವು ಗೆರೆಯನ್ನು ದಾಟಿ, ಗಾಳ ಹಾಕಲು ಅಪ್ಪಣೆಯಿದ್ದ ದಿಬ್ಬಗಳಲ್ಲಿ ಹೋಗಿ ನೆಲೆಸಿದ್ದವು.