ನೆಕರ್ ದಂಡೆಯ ವಿದ್ಯಾನಗರಿ ಟ್ಯೂಬಿಂಗನ್

ಜರ್ಮನಿಯ ನೈಋತ್ಯ ಭಾಗದಲ್ಲಿರುವ ಸ್ಟಟ್‌ಗಾರ್ಟ್ ನಗರದಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ಸಾಗಿದರೆ ಟ್ಯೂಬಿಂಗನ್ ಎಂಬ ಹಳೆಯ ಊರು ಸಿಗುತ್ತದೆ. ರೈಲಿನಲ್ಲಿ ಸುಮಾರು ಒಂದು ತಾಸಿನ ಹಾದಿ. ಜನಸಂಖ್ಯೆ 90 ಸಾವಿರದ ಆಸುಪಾಸು. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ 25 ಸಾವಿರಕ್ಕೂ ಹೆಚ್ಚು. ಟ್ಯೂಬಿಂಗನ್‌ನಲ್ಲಿ ವಿಶ್ವವಿದ್ಯಾಲಯವಿಲ್ಲ, ಟ್ಯೂಬಿಂಗನ್ನೇ ಒಂದು ವಿಶ್ವವಿದ್ಯಾಲಯ ಎಂಬ ಮಾತು ಅಲ್ಲಿ ಬಳಕೆಯಲ್ಲಿದೆ.

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಅನೇಕ ನಗರಗಳು ಬಾಂಬ್ ದಾಳಿಗೆ ಸಿಕ್ಕಿ ನೆಲಸಮವಾದವು. ಟ್ಯೂಬಿಂಗನ್ ಬಹುಮಟ್ಟಿಗೆ ಪಾರಾಯಿತು. ಹೀಗಾಗಿ ಮರದ ಚೌಕಟ್ಟಿನ ಹಳೆಯ ಮನೆಗಳು, ಕಲ್ಲು ಹಾಸಿದ ಇಕ್ಕಟ್ಟಾದ ಬೀದಿಗಳು, ಏರಿಳಿಯುವ ಮೆಟ್ಟಿಲುಗಳು ಇಂದಿಗೂ ಉಳಿದಿವೆ. ಹಳೆಯ ಪೇಟೆಯನ್ನೆಲ್ಲ ನಡೆದೇ ನೋಡಬಹುದು. ಅದಕ್ಕೆ ಒಳ್ಳೆಯ ಪಾದರಕ್ಷೆ ಮತ್ತು ಒಂದು ಇಡೀ ದಿನ ಸಾಕು.

ನದಿ, ಗೋಪುರ, ಕವಿ

ರೈಲು ನಿಲ್ದಾಣದಿಂದ ಹೊರಟು ನೆಕರ್ ನದಿಯ ಸೇತುವೆಗೆ ಬಂದರೆ ಊರಿನ ಪ್ರಸಿದ್ಧ ನೋಟ ಎದುರಾಗುತ್ತದೆ. ನೀರಿನ ಅಂಚಿಗೇ ಒತ್ತಿ ನಿಂತ ಬಣ್ಣಬಣ್ಣದ ಮನೆಗಳ ಸಾಲು, ಕೆಳಗೆ ಉದ್ದನೆಯ ಗಳುವಿನಿಂದ ನದಿಯ ತಳವನ್ನು ಒತ್ತಿ ಸಾಗಿಸುವ ಚಪ್ಪಟೆ ದೋಣಿಗಳು. ಆ ಸಾಲಿನಲ್ಲಿ ಹಳದಿ ಬಣ್ಣದ ದುಂಡು ಗೋಪುರವೊಂದು ಕಾಣುತ್ತದೆ. ಜರ್ಮನ್ ಕವಿ ಹೋಲ್ಡರ್ಲಿನ್ ಮಾನಸಿಕ ಅಸ್ವಸ್ಥತೆಗೆ ಒಳಗಾದ ಮೇಲೆ, 1807ರಿಂದ 1843ರಲ್ಲಿ ಸಾಯುವವರೆಗೆ, 36 ವರ್ಷ ಇದ್ದದ್ದು ಇಲ್ಲೇ. ವೈದ್ಯರು ಕೈಚೆಲ್ಲಿದ ಕವಿಯನ್ನು ಮನೆಗೆ ಕರೆತಂದು ಆಶ್ರಯ ಕೊಟ್ಟವನು ಎರ್ನ್ಸ್ಟ್ ಜಿಮ್ಮರ್ ಎಂಬ ಒಬ್ಬ ಬಡಗಿ. 1875ರಲ್ಲಿ ಗೋಪುರ ಬೆಂಕಿಗೆ ಆಹುತಿಯಾಯಿತು. ಈಗಿರುವುದು ಮತ್ತೆ ಕಟ್ಟಿದ್ದು. ಒಳಗೆ ಕವಿಯ ವಸ್ತುಸಂಗ್ರಹಾಲಯವಿದೆ.

ಗುರು ಮೆಸ್ಟ್‌ಲಿನ್, ಶಿಷ್ಯ ಕೆಪ್ಲರ್

ಗೋಪುರದಿಂದ ಸ್ವಲ್ಪ ಮುಂದೆ ‘ಸ್ಟಿಫ್ಟ್’ ಎಂಬ ಹಳೆಯ ವಿದ್ಯಾರ್ಥಿನಿಲಯವಿದೆ. ಪಾದ್ರಿಗಳಾಗಲು ಓದುವ ಹುಡುಗರಿಗಾಗಿ 1536ರಲ್ಲಿ ಆರಂಭವಾದ ಈ ಸಂಸ್ಥೆ ವಿದ್ಯಾರ್ಥಿವೇತನ ಕೊಟ್ಟು ಅವರನ್ನು ಓದಿಸುತ್ತಿತ್ತು. ಹೋಲ್ಡರ್ಲಿನ್ ಮತ್ತು ತತ್ತ್ವಜ್ಞಾನಿಗಳಾದ ಹೆಗೆಲ್, ಶೆಲ್ಲಿಂಗ್ ಇಲ್ಲಿ ಒಂದೇ ಕೋಣೆಯಲ್ಲಿದ್ದರು.

ಅವರಿಗಿಂತ ಇನ್ನೂರು ವರ್ಷ ಮೊದಲು, 1589ರಲ್ಲಿ, ಇಲ್ಲಿಗೆ ಬಂದವನು ಜೋಹಾನ್ಸ್ ಕೆಪ್ಲರ್. ಗ್ರಹಗಳ ಚಲನೆಯ ಮೂರು ನಿಯಮಗಳಿಂದ ನಮ್ಮ ಮಕ್ಕಳಿಗೆ ಪರಿಚಿತನಾದ ಆ ಕೆಪ್ಲರನೂ ಪಾದ್ರಿಯಾಗಲೆಂದೇ ಬಂದವನು. ಅವನಿಗೆ ಖಗೋಳಶಾಸ್ತ್ರ ಕಲಿಸಿದವನು ಮೈಕೆಲ್ ಮೆಸ್ಟ್‌ಲಿನ್. ಭೂಮಿಯೇ ವಿಶ್ವದ ಕೇಂದ್ರ ಎಂಬ ಹಳೆಯ ಸಿದ್ಧಾಂತವೇ ಆಗಿನ ಸಾಮಾನ್ಯ ಪಾಠ. ಮೆಸ್ಟ್‌ಲಿನ್ ಅದನ್ನು ಕಲಿಸುತ್ತಲೇ, ಆಯ್ದ ಶಿಷ್ಯರಿಗೆ ಸೂರ್ಯನೇ ನಡುವೆ ಇದ್ದಾನೆ ಎಂಬ ಕೊಪರ್ನಿಕಸನ ವಿಚಾರವನ್ನೂ ತಿಳಿಸಿಕೊಟ್ಟ. ಆ ಪಾಠ ಒಬ್ಬ ಹುಡುಗನ ಮನಸ್ಸಿನಲ್ಲಿ ಬೇರುಬಿಟ್ಟಿತು. 1594ರಲ್ಲಿ ಕೆಪ್ಲರ್ ಗಣಿತದ ಮೇಷ್ಟ್ರಾಗಿ ಆಸ್ಟ್ರಿಯಾದ ಗ್ರಾಜ್‌ಗೆ ಹೊರಟುಹೋದ. ಚರ್ಚು ಒಬ್ಬ ಪಾದ್ರಿಯನ್ನು ಕಳೆದುಕೊಂಡಿತು. ವಿಜ್ಞಾನಕ್ಕೆ ಕೆಪ್ಲರ್ ದೊರೆತ.

ಇದೇ ವಿಶ್ವವಿದ್ಯಾಲಯದ ವಿಲ್ಹೆಲ್ಮ್ ಷಿಕಾರ್ಡ್ ಎಂಬ ಪ್ರಾಧ್ಯಾಪಕ 1623ರಲ್ಲಿ ಕೂಡುವ, ಕಳೆಯುವ ಯಂತ್ರವೊಂದನ್ನು ರಚಿಸಿ ಕೆಪ್ಲರನಿಗೆ ಪತ್ರ ಬರೆದ. ಫ್ರಾನ್ಸಿನ ಪಾಸ್ಕಲ್ ತನ್ನ ಯಂತ್ರ ಕಟ್ಟುವುದಕ್ಕೆ ಸುಮಾರು 20 ವರ್ಷ ಮೊದಲಿನ ಮಾತಿದು. ಕೆಪ್ಲರನಿಗಾಗಿ ಮಾಡಿಸುತ್ತಿದ್ದ ಮತ್ತೊಂದು ಯಂತ್ರ ಅರ್ಧದಲ್ಲೇ ಬೆಂಕಿಗೆ ಸಿಕ್ಕಿತು. 1635ರಲ್ಲಿ ಷಿಕಾರ್ಡ್ ಪ್ಲೇಗಿಗೆ ಬಲಿಯಾದ. ಅವನ ಕೆಲಸ ಮರೆತೇಹೋಯಿತು. ಮುನ್ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಅವನ ನಕ್ಷೆಗಳನ್ನು ಆಧರಿಸಿ ಟ್ಯೂಬಿಂಗನ್‌ನ ಪ್ರಾಧ್ಯಾಪಕರೊಬ್ಬರು 1960ರಲ್ಲಿ ಯಂತ್ರವನ್ನು ಮರಳಿ ಕಟ್ಟಿಸಿದರು. ಅದು ಲೆಕ್ಕ ಮಾಡಿತು!

ಪೇಟೆ ಚೌಕದ ಗಡಿಯಾರ

ಸ್ಟಿಫ್ಟ್‌ನಿಂದ ಮೇಲೇರಿದರೆ ಪೇಟೆ ಚೌಕ. ಅಲ್ಲಿ 1435ರಲ್ಲಿ ಕಟ್ಟಿದ ಪುರಭವನವಿದೆ. ಅದರ ನೆತ್ತಿಯ ಮೇಲಿನ ಖಗೋಳ ಗಡಿಯಾರವನ್ನು 1511ರಲ್ಲಿ ರೂಪಿಸಿದವನು ಗಣಿತಜ್ಞ ಜೋಹಾನ್ಸ್ ಸ್ಟೋಫ್ಲರ್. ಗಂಟೆಯ ಜೊತೆಗೆ ಚಂದ್ರನ ಕಲೆಗಳನ್ನೂ ರಾಶಿಚಕ್ರವನ್ನೂ ಅದು ತೋರಿಸುತ್ತದೆ. ಅದರ ಒಂದು ಮುಳ್ಳು ಡ್ರ್ಯಾಗನ್ ಆಕಾರದ್ದು. ಚಂದ್ರನ ಪಥವು ಸೂರ್ಯನ ಪಥವನ್ನು ಕತ್ತರಿಸುವ ಎರಡು ಬಿಂದುಗಳನ್ನು ಅದು ಸೂಚಿಸುತ್ತದೆ. ಆ ಬಿಂದುಗಳ ಸಮೀಪದಲ್ಲೇ ಗ್ರಹಣ ಸಂಭವಿಸುವುದು. ನಮ್ಮ ಪಂಚಾಂಗದ ರಾಹು, ಕೇತುಗಳೂ ಇವೇ ಬಿಂದುಗಳು. ಅಲ್ಲಿ ಡ್ರ್ಯಾಗನ್, ಇಲ್ಲಿ ಸರ್ಪ. ಲೆಕ್ಕ ಮಾತ್ರ ಒಂದೇ.

ಒಂದು ಕಹಿ ನೆನಪು

ಸಮೀಪದಲ್ಲೇ ಸಂತ ಜಾರ್ಜ್‌ನ ಹೆಸರಿನ ದೊಡ್ಡ ಚರ್ಚು ಇದೆ. 1477ರಲ್ಲಿ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ ದೊರೆ ಎಬರ್‌ಹಾರ್ಡ್‌ನ ಸಮಾಧಿ ಅದರಲ್ಲಿದೆ. ವಿದ್ಯಾಪೀಠ ತೆರೆದ ಅದೇ ದೊರೆ, ಅದೇ ವರ್ಷ, ಯೆಹೂದಿಗಳು ಈ ಊರಿನಲ್ಲಿ ವಾಸಿಸಕೂಡದೆಂದು ಆಜ್ಞೆ ಹೊರಡಿಸಿದ. ಶತಮಾನಗಳ ಬಳಿಕ ಮರಳಿ ಬಂದು 1882ರಲ್ಲಿ ಅವರು ಕಟ್ಟಿಕೊಂಡ ಪ್ರಾರ್ಥನಾ ಮಂದಿರವನ್ನು 1938ರ ನವೆಂಬರ್‌ನಲ್ಲಿ ನಾಜಿಗಳು ಸುಟ್ಟುಹಾಕಿದರು. ಆ ಜಾಗದಲ್ಲೀಗ ಸ್ಮಾರಕವಿದೆ. ಯುದ್ಧಕಾಲದಲ್ಲಿ ನಾಜಿ ಆಡಳಿತ ಕೊಂದವರ ದೇಹಗಳು ಇಲ್ಲಿನ ಅಂಗರಚನಾಶಾಸ್ತ್ರ ವಿಭಾಗಕ್ಕೂ ಬಂದವು. ವಿದ್ಯೆಯೊಂದೇ ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡಲಾರದು ಎಂಬ ಪಾಠವೂ ಈ ವಿದ್ಯಾನಗರಿಯಲ್ಲಿದೆ. ಮಕ್ಕಳೊಂದಿಗೆ ಹೋದವರು ಈ ಸ್ಮಾರಕವನ್ನು ತಪ್ಪಿಸಬಾರದು.

ಕೋಟೆಯ ಅಡುಗೆಮನೆ

ಚೌಕದಿಂದ ಕಡಿದಾದ ಬೀದಿಯೊಂದು ಹೋಹೆನ್‌ಟ್ಯೂಬಿಂಗನ್ ಕೋಟೆಗೆ ಏರುತ್ತದೆ. ಇಲ್ಲಿನ ವಸ್ತುಸಂಗ್ರಹಾಲಯದಲ್ಲಿ ಮ್ಯಾಮತ್ ಆನೆಯ ದಂತದಲ್ಲಿ ಕೆತ್ತಿದ ಪುಟ್ಟ ಕುದುರೆಯಿದೆ. ಉದ್ದ ಐದು ಸೆಂಟಿಮೀಟರ್‌ಗಿಂತ ಕಡಿಮೆ. ವಯಸ್ಸು 30 ಸಾವಿರ ವರ್ಷಕ್ಕೂ ಹೆಚ್ಚು. ಹಿಮಯುಗದ ಮನುಷ್ಯ ಕೆತ್ತಿದ ಈ ಕುದುರೆ ದೊರೆತದ್ದು 1931ರಲ್ಲಿ, ಫೋಗಲ್‌ಹೆರ್ಡ್ ಗುಹೆಯಲ್ಲಿ.

ಕೋಟೆಯ ಹಳೆಯ ಅಡುಗೆಮನೆಯ ಕಥೆ ಇನ್ನೂ ಸ್ವಾರಸ್ಯದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ಪ್ರಯೋಗಶಾಲೆಯಾಗಿ ಮಾಡಿಕೊಂಡಿದ್ದರು. 1868ರಲ್ಲಿ ಸ್ವಿಟ್ಜರ್ಲೆಂಡಿನಿಂದ ಫ್ರೀಡ್ರಿಕ್ ಮೀಷರ್ ಎಂಬ 24ರ ಯುವಕ ಹೊಪ್ಪೆ-ಸೈಲರ್ ಎಂಬ ಪ್ರಾಧ್ಯಾಪಕರಲ್ಲಿ ಕಲಿಯಲು ಬಂದ. ಓದಿದ್ದು ವೈದ್ಯಶಾಸ್ತ್ರ, ಆದರೆ ಕಿವಿ ಸರಿಯಾಗಿ ಕೇಳಿಸದೆ ರೋಗಿಗಳನ್ನು ನೋಡುವುದು ಕಷ್ಟವೆಂದು ಸಂಶೋಧನೆಗೆ ಇಳಿದಿದ್ದ. ಆಸ್ಪತ್ರೆಯಲ್ಲಿ ಬಿಸಾಡುವ ಗಾಯದ ಪಟ್ಟಿಗಳನ್ನು ತರಿಸಿ, ಅವುಗಳ ಕೀವಿನಿಂದ ಬಿಳಿ ರಕ್ತಕಣಗಳನ್ನು ತೊಳೆದು ತೆಗೆದ. ಹಂದಿಯ ಜಠರದಿಂದ ತಯಾರಿಸಿದ ಪೆಪ್ಸಿನ್ ಬಳಸಿ ಪ್ರೋಟೀನನ್ನು ಕರಗಿಸಿದ. 1869ರಲ್ಲಿ ಕೋಶಕೇಂದ್ರದಿಂದ ಅವನಿಗೆ ದೊರೆತದ್ದು ರಂಜಕ ಹೇರಳವಾಗಿದ್ದ ಒಂದು ಹೊಸ ವಸ್ತು. ಅದಕ್ಕೆ ‘ನ್ಯೂಕ್ಲೀನ್’ ಎಂದು ಹೆಸರಿಟ್ಟ. ಇಂದು ನಾವು ಡಿಎನ್ಎ ಎನ್ನುವುದು ಅದನ್ನೇ!

ಗುರುಗಳು ಶಿಷ್ಯನ ಮಾತನ್ನು ಒಮ್ಮೆಲೇ ಒಪ್ಪಲಿಲ್ಲ. ಪ್ರಯೋಗಗಳನ್ನು ತಾವೇ ಮತ್ತೆ ಮಾಡಿ ನೋಡಿ, ಸರಿಯೆಂದು ಖಚಿತವಾದ ಮೇಲೆಯೇ 1871ರಲ್ಲಿ ಲೇಖನ ಪ್ರಕಟಿಸಿದರು. ಡಿಎನ್ಎಯ ಸುರುಳಿ ರಚನೆ ತಿಳಿದದ್ದು 1953ರಲ್ಲಿ. ಮೀಷರ್ 1895ರಲ್ಲೇ ತೀರಿಕೊಂಡಿದ್ದ. ಅಡುಗೆಮನೆಯಲ್ಲೀಗ ಈ ಇತಿಹಾಸದ ಪ್ರದರ್ಶನವಿದೆ. ಮೀಷರ್ ತಯಾರಿಸಿದ ನ್ಯೂಕ್ಲೀನ್ ಇರುವ ಒಂದು ಗಾಜಿನ ನಳಿಕೆಯನ್ನು ಅಲ್ಲಿ ಕಾಣಬಹುದು.

ಕನ್ನಡದ ನಂಟು

ಕೋಟೆಯಿಂದ ಕೆಳಗೆ ಕಾಣುವ ಕೆಂಪು ಹೆಂಚಿನ ಮಾಡುಗಳ ಊರಿಗೂ ಕನ್ನಡಕ್ಕೂ ಹಳೆಯ ನಂಟಿದೆ. 1843ರಲ್ಲಿ ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಹರ್ಮನ್ ಮೋಗ್ಲಿಂಗ್ ಓದಿದ್ದು ಟ್ಯೂಬಿಂಗನ್‌ನಲ್ಲಿ. 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿದ್ದೂ ಇದೇ ವಿಶ್ವವಿದ್ಯಾಲಯ.

ಸುಮಾರು 70 ಸಾವಿರ ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ಫರ್ಡಿನಾಂಡ್ ಕಿಟೆಲ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದೂ ಈ ಊರಿನಲ್ಲೇ. 1896ರಲ್ಲಿ ವಿಶ್ವವಿದ್ಯಾಲಯ ಅವರನ್ನೂ ಗೌರವ ಡಾಕ್ಟರೇಟ್ ಕೊಟ್ಟು ಸನ್ಮಾನಿಸಿತು. ಅವರ ಕನ್ನಡ ವ್ಯಾಕರಣ ಗ್ರಂಥ ಪ್ರಕಟವಾದದ್ದು 1903ರಲ್ಲಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ಇಲ್ಲಿ ಕಣ್ಮುಚ್ಚಿದರು.

ಮೆಸ್ಟ್‌ಲಿನ್‌ಗೆ ಒಂದು ಪಾಠದ ಕೋಣೆ, ಮೀಷರ್‌ಗೆ ಒಂದು ಹಳೆಯ ಅಡುಗೆಮನೆ, ಕಿಟೆಲ್‌ರಿಗೆ ಒಂದು ಬರೆಯುವ ಮೇಜು. ಅವರ ಬಳಿ ಇದ್ದ ಸಲಕರಣೆ ಇಷ್ಟೇ. ನಮ್ಮ ಶಾಲೆಯಲ್ಲಿ ಪ್ರಯೋಗಶಾಲೆ ಚೆನ್ನಾಗಿಲ್ಲ ಎಂದು ಕೊರಗುವ ಮಕ್ಕಳಿಗೆ ಆ ಅಡುಗೆಮನೆಯ ಕಥೆಯನ್ನು ಒಮ್ಮೆ ಹೇಳಿದರೂ ಸಾಕು. ಟ್ಯೂಬಿಂಗನ್ ನೋಡಿಬಂದಷ್ಟೇ ಪ್ರಯೋಜನವಾದೀತು.