ಆಕಾಶದ ಕೊಸರು

ಕೊಸರಿಗೆ ಆಸೆಪಡದ ಗಿರಾಕಿ ಇನ್ನೂ ಹುಟ್ಟಬೇಕಾಗಿದೆ. ಒಂದು ಸೇರು ಹಾಲು ಕೊಂಡವನಿಗೆ, ಅಳತೆ ಮುಗಿದ ಮೇಲೆ ಸುರಿಯುವ ನಾಲ್ಕು ಹನಿಯ ಮೇಲೆಯೇ ಕಣ್ಣು. ಕೊತ್ತಂಬರಿಯ ಜೊತೆಗೆ ಎರಡು ಹಸಿಮೆಣಸಿನಕಾಯಿ ಚೀಲಕ್ಕೆ ಬೀಳದಿದ್ದರೆ ಆ ದಿನದ ಸಂತೆ ಸಂತೆಯೇ ಅಲ್ಲ. ಹಾಲಿನವಳೂ ಸೊಪ್ಪಿನವಳೂ ತಲೆತಲಾಂತರದಿಂದ ಬಲ್ಲ ಈ ಗುಟ್ಟು ವಿಮಾನ ಕಂಪನಿಗಳಿಗೆ ಹೊಳೆದದ್ದು ಮಾತ್ರ ಬಹಳ ತಡವಾಗಿ. ಅಮೆರಿಕೆಯಲ್ಲಿ ೧೯೭೮ರವರೆಗೆ ಯಾವ ವಿಮಾನ ಎಲ್ಲಿಗೆ ಹಾರಬೇಕು, ಎಷ್ಟು ದರ ಕೇಳಬೇಕು ಎಂಬುದನ್ನು ಸರ್ಕಾರವೇ ಗೊತ್ತುಮಾಡುತ್ತಿತ್ತು. ಆ ಕಟ್ಟು ಬಿಚ್ಚಿದ ಮೇಲೆ ಕಂಪನಿಗಳು ಗಿರಾಕಿಯನ್ನು ತಾವೇ ಹಿಡಿದಿಟ್ಟುಕೊಳ್ಳಬೇಕಾಯಿತು. ಆಗ, ೧೯೮೧ರ ಮೇ ತಿಂಗಳಲ್ಲಿ, ಅಮೆರಿಕನ್ ಏರ್‌ಲೈನ್ಸ್ ಒಂದು ಕೊಸರನ್ನು ಸಾರಿತು: ನೀವು ಹಾರಿದ ಮೈಲಿಗಳನ್ನು ನಿಮ್ಮ ಹೆಸರಿನಲ್ಲಿ ಬರೆದಿಡುತ್ತೇವೆ, ಸಾಕಷ್ಟು ಕೂಡಿದ ಮೇಲೆ ಒಂದು ಟಿಕೆಟ್ಟು ಪುಕ್ಕಟೆ. ಕೆಲವೇ ದಿನಗಳಲ್ಲಿ ಯುನೈಟೆಡ್ ಕಂಪನಿಯೂ ತನ್ನ ಕೊಸರನ್ನು ಸಾರಿತು. ಇಂದು ಕೊಸರಿಲ್ಲದ ದೊಡ್ಡ ಕಂಪನಿಯನ್ನು ಹುಡುಕಬೇಕು.

ಎಲ್ಲೋ ಒಮ್ಮೆ ವಿಮಾನ ಏರುವವರಿಗೆ ಇದರ ಗೊಡವೆ ಬೇಕಿಲ್ಲ. ಆದರೆ ಬೇರು ಒಂದು ಕಡೆ, ನೆರಳು ಇನ್ನೊಂದು ಕಡೆ ಇರುವ ನನ್ನಂಥವರಿಗೆ ಇದು ಮನೆವಾರ್ತೆಯ ಪ್ರಶ್ನೆಯೇ ಆಗಿಬಿಡುತ್ತದೆ. ನಾನು ವನದುರ್ಗದವನು. ಶಹಾಪುರ ತಾಲ್ಲೂಕಿನ ಈ ಊರಿಗೆ ಸುರಪುರದ ನಾಯಕರ ಕಾಲದ ಕೋಟೆಯೊಂದಿದೆ. ಅದನ್ನು ಬಿಟ್ಟರೆ ದೂರದವರಿಗೆ ಗುರುತು ಹೇಳಲು ಹೆಚ್ಚೇನೂ ಇಲ್ಲ. ಹೊಟ್ಟೆಪಾಡಿಗಾಗಿ ಅಮೆರಿಕೆಯ ಡಲ್ಲಾಸ್ ನಗರವನ್ನು ಸೇರಿ ಹದಿನೆಂಟು ವರ್ಷಗಳಾದವು. ಅವ್ವ ಊರಲ್ಲೇ ಇದ್ದಾಳೆ, ಅಲ್ಲಿಂದ ಕದಲುವುದಿಲ್ಲ. ಆದುದರಿಂದ ವರ್ಷಕ್ಕೆ ಎರಡು ಸಲ ನಾನೇ ಕದಲುತ್ತೇನೆ.

ಇಂಥ ಪ್ರಯಾಣಿಕ ಯಾವ ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಹೆಸರು ಬರೆಸಬೇಕು? ಬಲ್ಲವರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮತ. ಒಬ್ಬರಿಗೆ ನಿಲ್ದಾಣದ ವಿಶ್ರಾಂತಿ ಕೋಣೆಯ ಮೆತ್ತನೆಯ ಕುರ್ಚಿ ಮುಖ್ಯ. ಇನ್ನೊಬ್ಬರಿಗೆ ಮುಂದಿನ ದರ್ಜೆಗೆ ಬಡ್ತಿ ಸಿಗುವ ಸಂಭವ ಮುಖ್ಯ. ನನ್ನ ಹೆಂಡತಿಗೆ ಇನ್ನೊಂದು ಪೆಟ್ಟಿಗೆಯ ಅನುಮತಿ. ಪದೇಪದೇ ಹಾರುವವರಿಗೆ ಕಂಪನಿಗಳು ಬೆಳ್ಳಿ, ಚಿನ್ನ ಎಂಬ ಪದವಿಗಳನ್ನು ದಯಪಾಲಿಸುವುದುಂಟು. ಆಗ ಹೆಚ್ಚಿನ ಸಾಮಾನು ಒಯ್ಯಬಹುದು. ಇಪ್ಪತ್ಮೂರು ಕಿಲೋದ ಪೆಟ್ಟಿಗೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ತೊಗರಿ ಬೇಳೆ ತುಂಬಿ ತಕ್ಕಡಿಯ ಮುಂದೆ ಎದೆ ಹಿಡಿದು ನಿಂತವರಿಗೆ ಈ ಪದವಿಯ ಬೆಲೆ ಗೊತ್ತು.

ನನಗೆ ಸರಿಯಾದ ದಾರಿ ತೋರಿಸಿದವರು ವಿಮಾನವನ್ನು ನೆಲದಿಂದ ಮಾತ್ರ ಕಂಡವರು. ಊರಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಹತ್ತಿ, ತೊಗರಿ ಬೆಳೆಯುವವರು. ಪೇಟೆಯಲ್ಲಿ ಅಡತಿ ಅಂಗಡಿಗಳು ಸಾಲಾಗಿ ಇವೆಯಲ್ಲ, ನೀವು ಮಾಲು ಒಯ್ಯುವ ಅಂಗಡಿಯನ್ನು ಹೇಗೆ ಆರಿಸಿದಿರಿ ಎಂದು ಮಾತಿಗೆ ಮಾತು ಬಂದು ಕೇಳಿದೆ. ಅವರು ಹೇಳಿದ್ದು ಇಷ್ಟು: “ತಮ್ಮಾ, ಮೂವತ್ತು ವರ್ಷಾತು ಒಂದ ಅಡತಿಗಿ ಹಾಕ್ತೀನಿ. ಬಾಜೂದಾಂವ ಕ್ವಿಂಟಲಿಗಿ ಐವತ್ತು ಹೆಚ್ಚ ಕೊಡ್ತೀನಂತಾನ. ಕೊಡ್ಲಿ. ಮಗಳ ಹೆರಿಗಿಗಿ ನಡುರಾತ್ರ್ಯಾಗ ರೊಕ್ಕ ಬೇಕಾದಾಗ ಬಾಗಲಾ ತೆಗದಾಂವ ಇಂವ ಒಬ್ಬನ. ಲೆಕ್ಕಾ ಹಬ್ಬದ ದಿನದ್ದಲ್ಲೋ, ಅಡಚಣಿ ದಿನದ್ದು.”

ಈ ಮಾತನ್ನು ಕೈಯಲ್ಲಿ ಹಿಡಿದು ನೋಡಿದಾಗ ವಿಮಾನ ಕಂಪನಿಗಳ ಬಣ್ಣದ ಪತ್ರಿಕೆಗಳೆಲ್ಲ ಬೇರೆಯಾಗಿಯೇ ಕಂಡವು.

ಮೊದಲನೆಯ ಪ್ರಶ್ನೆ ದಾರಿಯದು. ಅಡತಿ ಎಷ್ಟೇ ಒಳ್ಳೆಯದಾದರೂ ಬಂಡಿ ಹೋಗುವ ದಾರಿಯಲ್ಲಿ ಇರಬೇಕಷ್ಟೆ. ಕಲಬುರಗಿಯಲ್ಲಿ ೨೦೧೯ರ ನವೆಂಬರ್ ೨೨ರಂದು ವಿಮಾನ ನಿಲ್ದಾಣವೇನೋ ತೆರೆಯಿತು. ಆದರೆ ದೂರದೇಶಕ್ಕೆ ಹೋಗುವವನು ಅಲ್ಲಿ ನಿಂತು ಕೈಬೀಸಿ ಫಲವಿಲ್ಲ. ವನದುರ್ಗದಿಂದ ಶಹಾಪುರ, ಯಾದಗಿರಿ ದಾಟಿ, ರಾಜ್ಯದ ಗಡಿಯನ್ನೂ ದಾಟಿ, ೨೦೦೮ರಲ್ಲಿ ಶಂಷಾಬಾದಿನಲ್ಲಿ ತೆರೆದ ಹೈದರಾಬಾದಿನ ನಿಲ್ದಾಣವೇ ನಮಗೆ ಹತ್ತಿರ. ರಾಜಧಾನಿ ಬೆಂಗಳೂರು ಅದಕ್ಕಿಂತ ಎಷ್ಟೋ ದೂರ. ಹೈದರಾಬಾದಿನಿಂದ ಡಲ್ಲಾಸಿಗೆ ಹೋಗಲು ದುಬೈ, ದೋಹಾ, ಲಂಡನ್, ಫ್ರಾಂಕ್‌ಫರ್ಟ್ ಹೀಗೆ ಹಲವು ಹಾದಿಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡೆ.

ಇಲ್ಲಿ ಕಂಪನಿಗಳ ಬೀಗತನವನ್ನು ತಿಳಿದಿರಬೇಕು. ಸ್ಟಾರ್ ಅಲಯನ್ಸ್ ಎಂಬ ಕೂಟ ೧೯೯೭ರಲ್ಲಿ ಹುಟ್ಟಿತು. ಒನ್‌ವರ್ಲ್ಡ್ ೧೯೯೯ರಲ್ಲಿ, ಸ್ಕೈಟೀಮ್ ೨೦೦೦ದಲ್ಲಿ. ಒಂದು ಕೂಟದ ಯಾವ ಕಂಪನಿಯಲ್ಲಿ ಹಾರಿದರೂ ಮೈಲಿಗಳನ್ನು ಅದೇ ಕೂಟದ ಇನ್ನೊಂದು ಕಂಪನಿಯ ಖಾತೆಗೆ ಬರೆಸಬಹುದು. ಲುಫ್ತಾನ್ಸಾ ಸ್ಟಾರ್ ಕೂಟದ್ದು. ನಮ್ಮ ಏರ್ ಇಂಡಿಯಾ ೨೦೧೪ರ ಜುಲೈಯಲ್ಲಿ ಅದನ್ನು ಸೇರಿತು. ಜರ್ಮನಿಯಲ್ಲಿ ಮಗಳಿರುವ ಬೆಂಗಳೂರಿನ ತಂದೆತಾಯಿಗಳು ಮೊದಲು ಆ ಕಡೆ ನೋಡುವುದು ನ್ಯಾಯ. ದುಬೈಯ ಎಮಿರೇಟ್ಸ್ ಯಾವ ಕೂಟಕ್ಕೂ ಸೇರದ ಒಂಟಿಸಲಗ. ಕತಾರ್, ಬ್ರಿಟಿಷ್ ಏರ್‌ವೇಸ್, ಡಲ್ಲಾಸನ್ನೇ ತವರು ಮಾಡಿಕೊಂಡಿರುವ ಅಮೆರಿಕನ್ ಈ ಮೂರೂ ಒನ್‌ವರ್ಲ್ಡ್ ಮನೆಯವು. ನನ್ನ ಹಾದಿಯ ಎರಡು ತುದಿಗಳನ್ನು ಒಂದೇ ಹಗ್ಗದಲ್ಲಿ ಕಟ್ಟುವ ಕೂಟ ಇದು ಎಂದು ಇಷ್ಟರಿಂದ ಗೊತ್ತಾಯಿತು.

ಎರಡನೆಯದು ಅಳತೆಯ ಪ್ರಶ್ನೆ. ಹೆಸರಿಗೆ ಮೈಲಿ ಎಂದರೂ ಹಾರಿದ ಮೈಲಿಯೆಲ್ಲ ಖಾತೆಗೆ ಬೀಳುವ ಕಾಲ ಮುಗಿಯಿತು. ಅಮೆರಿಕನ್ ಕಂಪನಿ ೨೦೧೬ರಲ್ಲಿ, ಏರ್ ಇಂಡಿಯಾ ೨೦೨೪ರಲ್ಲಿ, ದೂರವನ್ನು ಬಿಟ್ಟು ಟಿಕೆಟ್ಟಿಗೆ ತೆತ್ತ ಹಣವನ್ನು ಅಳೆಯತೊಡಗಿದವು. ಕೂಟದ ಬೇರೆ ಕಂಪನಿಯಲ್ಲಿ ಹಾರಿದರೆ ದೂರದ ಲೆಕ್ಕ ಉಂಟು. ಆದರೆ ಅಗ್ಗದ ಟಿಕೆಟ್ಟಿಗೆ ಎಷ್ಟೋ ವೇಳೆ ಹಾರಿದ ದೂರದ ಕಾಲುಭಾಗವೇ ಗತಿ. ಹೈದರಾಬಾದಿನಿಂದ ದೋಹಾ ಮೂಲಕ ಡಲ್ಲಾಸ್ ಎಂದರೆ ಹತ್ತು ಸಾವಿರ ಮೈಲಿಗೆ ತುಸು ಕಡಿಮೆ. ಹೋಗಿ ಬಂದರೆ ಇಪ್ಪತ್ತು ಸಾವಿರ ಎನ್ನಿ. ಕಾಲುಭಾಗದ ಲೆಕ್ಕದಲ್ಲಿ ಖಾತೆಗೆ ಬರುವುದು ಐದು ಸಾವಿರದ ಒಳಗೆ. ವರ್ಷಕ್ಕೆ ಎರಡು ಸಲವಾದರೆ ಹತ್ತು ಸಾವಿರದ ಒಳಗೆ. ಒಂದು ಕಡೆಯ ಪುಕ್ಕಟೆ ಟಿಕೆಟ್ಟಿಗೆ ನಲವತ್ತು ಸಾವಿರ ಬೇಕೆಂದು ಇಟ್ಟುಕೊಂಡರೆ ನಾಲ್ಕು ವರ್ಷ ಕಳೆದರೂ ಕೊಡ ತುಂಬುವುದಿಲ್ಲ.

ಈ ಲೆಕ್ಕ ಮಾಡಿದವನಿಗೆ ಮೂರನೆಯ ಪ್ರಶ್ನೆ ತಾನೇ ಎದುರು ಬಂದು ನಿಲ್ಲುತ್ತದೆ. ಕೂಡಿಟ್ಟದ್ದು ಎಷ್ಟು ದಿನ ಬಾಳುತ್ತದೆ? ಸಿಂಗಪುರ ಏರ್‌ಲೈನ್ಸಿನಂಥ ಕೆಲವು ಕಡೆ ಮೈಲಿಗೆ ಮೂರು ವರ್ಷದ ಆಯುಸ್ಸು. ನೀವು ಹಾರುತ್ತಲೇ ಇದ್ದರೂ ಹಳೆಯದು ಹಳೆಯದಾಗಿಯೇ ಸಾಯುತ್ತದೆ. ನನ್ನಂತೆ ನಾಲ್ಕು ವರ್ಷಕ್ಕೂ ತುಂಬದ ಕೊಡದವನಿಗೆ ಅದು ತೂತುಬಿದ್ದ ಕೊಡ. ಅಮೆರಿಕನ್ ಕಂಪನಿಯಲ್ಲಿ, ನಾನು ಆರಿಸಿದಾಗಿನ ನಿಯಮದಂತೆ, ಎರಡು ವರ್ಷ ಖಾತೆ ಪೂರ್ತಿ ನಿಶ್ಚಲವಾಗಿದ್ದರೆ ಮಾತ್ರ ನಷ್ಟ. ನಡುವೆ ಒಂದು ಸಣ್ಣ ಜಮೆಯಾದರೂ ಸಾಕು, ಇಡೀ ಖಾತೆಗೆ ಮತ್ತೆ ಜೀವ. ಯುನೈಟೆಡ್, ಡೆಲ್ಟಾ ಕಂಪನಿಗಳಂತೂ ಮೈಲಿಗೆ ಸಾವೇ ಇಲ್ಲವೆಂದು ಸಾರಿವೆ. ಪದೇಪದೇ ಹಾರುವ ವ್ಯಾಪಾರಿಗೆ ಈ ಭೇದ ಕ್ಷುಲ್ಲಕ. ಸಂಬಳದ ರಜೆ ನೋಡಿಕೊಂಡು ಊರಿಗೆ ಹೋಗುವವನಿಗೆ ಇದೇ ಮುಖ್ಯ.

ಇನ್ನು ಪುಕ್ಕಟೆ ಎಂಬ ಮಾತು. ಹಾಲಿನವಳ ಕೊಸರಿನಲ್ಲಿ ನೀರಿದ್ದಂತೆ ಇಲ್ಲಿಯೂ ಉಂಟು. ಮೈಲಿ ಕೊಟ್ಟು ಪಡೆದ ಟಿಕೆಟ್ಟಿಗೂ ತೆರಿಗೆ ತಪ್ಪದು. ಅದರ ಮೇಲೆ ಕೆಲವರು ತಮ್ಮದೂ ಒಂದು ಮೇಲ್ತೆರಿಗೆ ಹೇರುತ್ತಾರೆ. ಲಂಡನ್ ಮಾರ್ಗದ ಬ್ರಿಟಿಷ್ ಏರ್‌ವೇಸಿಗೆ ಈ ವಿಷಯದಲ್ಲಿ ಒಳ್ಳೆಯ ಹೆಸರೇನೂ ಇಲ್ಲ. ಆದರೆ ಅದೇ ಕಂಪನಿಯಲ್ಲಿ, ಎಮಿರೇಟ್ಸಿನಲ್ಲೂ, ಮನೆಮಂದಿಯ ಮೈಲಿಗಳನ್ನೆಲ್ಲ ಒಂದೇ ಕಣಜಕ್ಕೆ ಸುರಿಯುವ ಅನುಕೂಲ ಉಂಟು. ಗಂಡ, ಹೆಂಡತಿ, ಎರಡು ಮಕ್ಕಳು ಒಟ್ಟಿಗೆ ಹಾರುವ ಸಂಸಾರಕ್ಕೆ ಅದು ದೊಡ್ಡ ಲಾಭ.

ಕೂಡಿಡುವ ಚಪಲವೂ ಒಳ್ಳೆಯದಲ್ಲ. ಕಿಂಗ್‌ಫಿಷರ್ ೨೦೧೨ರಲ್ಲಿ ನಿಂತಿತು. ಜೆಟ್ ಏರ್‌ವೇಸ್ ೨೦೧೯ರ ಏಪ್ರಿಲ್ ೧೭ರ ರಾತ್ರಿ ಕೊನೆಯ ಸಲ ಹಾರಿತು. ಜೆಟ್‌ನ ಅಂಕಗಳ ಲೆಕ್ಕ ಬೇರೆ ಸಂಸ್ಥೆಯ ಕೈಯಲ್ಲಿದ್ದುದರಿಂದ ಅಂಕಗಳು ಉಳಿದವು, ಏರಲು ಆ ವಿಮಾನ ಇರಲಿಲ್ಲ. ವಿಸ್ತಾರಾ ೨೦೨೪ರ ನವೆಂಬರಿನಲ್ಲಿ ಏರ್ ಇಂಡಿಯಾದಲ್ಲಿ ಕರಗಿತು. ಅದರ ಗಿರಾಕಿಗಳ ಅಂಕಗಳು ಹೊಸ ಮನೆಗೆ ಹೋದವು. ಕಂಪನಿ ಬದುಕಿದ್ದರೂ ಇಂದು ನಲವತ್ತಕ್ಕೆ ಬಂದ ಟಿಕೆಟ್ಟು ನಾಳೆ ಅರವತ್ತಾಗಬಹುದು. ಸೇರನ್ನು ಮಾಡುವವನೂ ಅವನೇ, ಅಳೆಯುವವನೂ ಅವನೇ. ಈ ಲೆಕ್ಕದ ಪುಸ್ತಕ ಕಂಪನಿಗೆ ಎಂಥ ಆಸ್ತಿಯೆಂದು ಬೇಕಾದರೆ ಇದನ್ನು ಕೇಳಿ: ಸೋಂಕಿನ ಕಾಲದಲ್ಲಿ ವಿಮಾನಗಳು ನೆಲ ಹಿಡಿದಾಗ, ೨೦೨೧ರಲ್ಲಿ, ಅಮೆರಿಕನ್ ಕಂಪನಿ ತನ್ನ ಮೈಲಿ ಯೋಜನೆಯನ್ನೇ ಒತ್ತೆಯಿಟ್ಟು ಸಾವಿರ ಕೋಟಿ ಡಾಲರು ಎತ್ತಿತು. ಬ್ಯಾಂಕುಗಳು ತಮ್ಮ ಕಾರ್ಡಿನ ಗಿರಾಕಿಗಳಿಗೆ ಹಂಚಲು ಮೈಲಿಗಳನ್ನು ಹಣಕೊಟ್ಟು ಕೊಳ್ಳುತ್ತವೆ. ಹಾಲಿಗಿಂತ ಕೊಸರಿನ ವ್ಯಾಪಾರವೇ ಲಾಭದ್ದಾಗಿದೆ!

ಇಷ್ಟೆಲ್ಲ ಜಿಪುಣ ಲೆಕ್ಕ ಏಕೆಂದು ಓದುಗರು ಕೇಳಬಹುದು. ನಮ್ಮ ಪಕ್ಕದ ಸುರಪುರದಲ್ಲಿ ಹಿಂದೆ ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿಯಿದ್ದ. ಎಳೆಯ ರಾಜ ವೆಂಕಟಪ್ಪ ನಾಯಕ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದನಂತೆ. ಆ ಟೇಲರ್ ೧೮೨೪ರಲ್ಲಿ, ಹದಿನೈದರ ಹುಡುಗನಾಗಿ ಹಡಗು ಹತ್ತಿ ಬಂದವನು. ಹಡಗು ಆಫ್ರಿಕದ ತುದಿಯನ್ನು ಸುತ್ತಿ ಬರಲು ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕಾಲ ಅದು. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಅವನು ಬಂದಾನೆಂದು ಯಾರೂ ಬಾಗಿಲು ಕಾಯುತ್ತಿರಲಿಲ್ಲ. ಇಂದು ಹಾಗಲ್ಲ. ಒಂದೂವರೆ ದಿನದಲ್ಲಿ ಬರಬಲ್ಲವನನ್ನು ಕಾಯುತ್ತಾರೆ.

ನಮ್ಮ ಕಡೆ ಹೋದವರನ್ನು ಬಹಳ ಹೊತ್ತು ಇಡುವ ರೂಢಿಯಿಲ್ಲ. ಅಪ್ಪ ತೀರಿಕೊಂಡ ಸುದ್ದಿ ಬಂದ ರಾತ್ರಿ ಟಿಕೆಟ್ಟಿನ ಬೆಲೆ ಎಂದಿನದರ ಎರಡರಷ್ಟಕ್ಕೂ ಮೇಲಿತ್ತು. ಕೊಟ್ಟು ಹೊರಟೆ. ಮೂರನೆಯ ದಿನ ಊರು ಮುಟ್ಟಿದೆ. ಹೊಲದಲ್ಲಿ ಹಸಿಮಣ್ಣಿನ ದಿಬ್ಬವನ್ನು ನೋಡಿದೆ. ಯಾವ ಕಂಪನಿಯ ಯಾವ ಮೈಲಿಯೂ ಆ ದಾರಿಯನ್ನು ಒಂದು ಗಳಿಗೆಯಷ್ಟು ಕಿರಿದು ಮಾಡುತ್ತಿರಲಿಲ್ಲ. ಆದರೆ ಕಾಯಿಲೆಯ ಸುದ್ದಿ ಸಾವಿನ ಸುದ್ದಿಗಿಂತ ಬೇರೆ. ಅವ್ವನಿಗೆ ಎಂಬತ್ಮೂರು. ಜ್ವರವೆಂದು ಫೋನು ಬರುತ್ತದೆ. ಹೋಗಲೋ, ಎರಡು ದಿನ ನೋಡಲೋ ಎಂದು ಮನಸ್ಸು ತೂಗಾಡುತ್ತದೆ. ಆ ತಕ್ಕಡಿಯ ಒಂದು ತಟ್ಟೆಯಲ್ಲಿ ಹಣ ಕೂತಿರುತ್ತದೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ; ಆದರೆ ಅದು ಕೂತಿರುತ್ತದೆ. ಆ ತಟ್ಟೆಯನ್ನು ಬರಿದು ಮಾಡುವ ಉಪಾಯವೊಂದು ಬೇಕಾಗಿತ್ತು.

ಆದುದರಿಂದ ಕಾಕಾನ ಪ್ರಶ್ನೆಯನ್ನೇ ಎಲ್ಲ ಕಂಪನಿಗಳಿಗೂ ಹಾಕಿದೆ: ನಡುರಾತ್ರಿಯಲ್ಲಿ ಬಾಗಿಲು ತೆಗೆಯುವವರು ಯಾರು? ನಾಳೆಯ ವಿಮಾನಕ್ಕೆ ಇಂದು ಟಿಕೆಟ್ಟು ಕೇಳಿದರೆ ದಂಡ ಹಾಕುತ್ತೀರಾ? ಅವ್ವನಿಗೆ ಜ್ವರ ಇಳಿದರೆ ಟಿಕೆಟ್ಟು ಹಿಂದಿರುಗಿಸಿ ಮೈಲಿ ಮರಳಿ ಪಡೆಯಬಹುದೇ? ನನ್ನ ಖಾತೆಯಿಂದ ತಂಗಿಯನ್ನೋ ಮಗನನ್ನೋ ಕಳಿಸಬಹುದೇ, ಅಥವಾ ಅವರ ಹೆಸರನ್ನು ಮೊದಲೇ ಪಟ್ಟಿಗೆ ಸೇರಿಸಿರಬೇಕೇ? ಅಮೆರಿಕನ್ ಕಂಪನಿ ಕೊನೆಗಳಿಗೆಯ ದಂಡವನ್ನು ೨೦೨೦ರಲ್ಲಿ ತೆಗೆದುಹಾಕಿತ್ತು. ಪ್ರಯಾಣ ರದ್ದಾದರೆ ಮೈಲಿಯನ್ನು ಪೂರ್ತಿ ಹಿಂದಕ್ಕೆ ಕೊಡುತ್ತಿತ್ತು. ಯಾರ ಹೆಸರಿಗೆ ಟಿಕೆಟ್ಟು ಎಂದು ತಕರಾರು ತೆಗೆಯುತ್ತಿರಲಿಲ್ಲ. ಖಾಲಿ ಸೀಟು ಇದ್ದರೆ ತಾನೆ ಎಂಬ ಕೊಂಕು ಎಲ್ಲರಲ್ಲೂ ಇದ್ದದ್ದೇ. ಅಲ್ಲಿಯೇ ಹೆಸರು ಬರೆಸಿದೆ. ದೋಹಾ ಮಾರ್ಗದಲ್ಲಿ ಹಾರಿದರೂ ಮೈಲಿ ಅಲ್ಲಿಗೇ ಸೇರುತ್ತದೆ. ಮನೆಯ ದಿನಸಿ, ಪೆಟ್ರೋಲು ಎಲ್ಲವನ್ನೂ ಅದಕ್ಕೆ ಕಟ್ಟಿದ ಒಂದೇ ಕಾರ್ಡಿನಲ್ಲಿ ಕೊಂಡು, ತಿಂಗಳ ಕೊನೆಗೆ ಬಾಕಿ ಉಳಿಸದೆ ತೀರಿಸುತ್ತೇನೆ. ಬಾಕಿ ಉಳಿಸಿ ಬಡ್ಡಿ ತೆರುವವನಿಗೆ ಈ ಕೊಸರು ಬಲು ದುಬಾರಿ.

ಹಿಂದೆ ನಮ್ಮ ಊರುಗಳಲ್ಲಿ ಮನೆಯ ಮುಂದೆ ಹಗೇವು ಇರುತ್ತಿತ್ತು. ನೆಲದೊಳಗಿನ ಆ ಕಣಜದಲ್ಲಿ ಜೋಳ ತುಂಬಿ ಬಾಯಿ ಮುಚ್ಚಿಡುತ್ತಿದ್ದರು. ಬರ ಬಂದರೆ ಅದೇ ಆಸರೆ; ಹಾಗೆಂದು ವರ್ಷಗಟ್ಟಲೆ ತೆಗೆಯದೆ ಬಿಟ್ಟರೆ ಕಾಳು ಮುಗ್ಗಲು ಹಿಡಿಯುತ್ತಿತ್ತು. ನನ್ನ ಮೈಲಿಗಳಿಗೂ ಅದೇ ಕಟ್ಟಳೆ. ಒಂದು ಕಡೆಯ ಟಿಕೆಟ್ಟಿಗೆ ಸಾಕಾಗುವಷ್ಟನ್ನು ಮುಟ್ಟುವುದಿಲ್ಲ. ಅದು ಅವ್ವನ ಪಾಲು. ಅದರ ಮೇಲೆ ಉಕ್ಕಿದ್ದನ್ನು ಉಳಿಸುವುದಿಲ್ಲ. ಆರು ವರ್ಷ ಹೀಗೆ ನಡೆಸಿದ ಮೇಲೆ ಕಳೆದ ಬೇಸಿಗೆಯಲ್ಲಿ ಮಗ, ಮಗಳು ಇಬ್ಬರನ್ನೂ ಆ ಉಕ್ಕಿನಿಂದಲೇ ಊರಿಗೆ ಕರೆತಂದೆ. ಪುಕ್ಕಟೆ ಟಿಕೆಟ್ಟಿನ ಕಥೆಯನ್ನು ಅವ್ವನಿಗೆ ಉತ್ಸಾಹದಿಂದ ವಿವರಿಸಿದೆ. ಎಷ್ಟು ಮೈಲಿ, ಎಷ್ಟು ಡಾಲರು ಉಳಿತಾಯ ಎಂದೆಲ್ಲ ಹೇಳಿದೆ. ಅವಳು ಸಮಾಧಾನವಾಗಿ ಕೇಳಿ, “ಅದೆಲ್ಲಾ ಇರ್ಲಿ ಯಪ್ಪಾ, ಹುಡುಗ್ರು ಎಷ್ಟ್ ದಿನಾ ಇರ್ತಾವ?” ಎಂದಳು.