ವಡಾಪಾವಿನ ವ್ಯಾಕರಣ

ತಿಂಡಿಗೆ ಹೆಸರಿಡುವುದರಲ್ಲಿ ಒಂದೊಂದು ನಾಡಿಗೆ ಒಂದೊಂದು ಗುಣ. ಇಂಗ್ಲೆಂಡಿನವರದು ದೊಡ್ಡವರ ಹೆಸರಿಡುವ ಗುಣ. ಎರಡು ಹೋಳು ಬ್ರೆಡ್ಡಿನ ನಡುವೆ ಮಾಂಸವಿಟ್ಟು ತಿನ್ನುವ ರೂಢಿಗೆ ಅವರು ಹದಿನೆಂಟನೆಯ ಶತಮಾನದ ಜಾನ್ ಮಾಂಟೆಗು ಎಂಬ ಶ್ರೀಮಂತನ ಹೆಸರನ್ನು ಕಟ್ಟಿದರು. ಆತ ಸ್ಯಾಂಡ್‌ವಿಚ್ಚಿನ ನಾಲ್ಕನೆಯ ಅರ್ಲ್. ನಾವಿಕ ಕುಕ್ 1778ರಲ್ಲಿ ಶಾಂತಸಾಗರದ ಒಂದು ದ್ವೀಪಸಮೂಹಕ್ಕೂ ಅದೇ ಹೆಸರಿಟ್ಟ. ದ್ವೀಪಗಳು ಕಾಲಾಂತರದಲ್ಲಿ ಆ ಹೆಸರನ್ನು ಕೊಡವಿಕೊಂಡು ಹವಾಯಿ ಎನಿಸಿಕೊಂಡವು. ಬ್ರೆಡ್ಡಿಗೆ ಆ ಸ್ವಾತಂತ್ರ್ಯ ದೊರೆಯಲಿಲ್ಲ.

ನಮ್ಮ ಬೆಳಗಾವಿಯ ಸ್ಯಾಂಡ್‌ವಿಚ್ಚಿಗೆ ಇಂಥ ಯಜಮಾನನಿಲ್ಲ. ಅದು ವಡಾಪಾವ್. ಅದರ ದರ್ಶನವಾಗಬೇಕಾದರೆ ಕಣಬರಗಿಯ ಮಗ್ಗುಲಿನ ಆಟೋ ನಗರಕ್ಕೆ ಮುಂಜಾನೆ ಹನ್ನೊಂದರ ಸುಮಾರಿಗೆ ಹೋಗಬೇಕು. ಲಾರಿಯ ಹೊಟ್ಟೆಯಡಿಯಿಂದ ಹೊರಬಂದ ಮೇಸ್ತ್ರಿ, ಪತ್ರಾ ಬಡಿಯುವವ, ಬಣ್ಣ ಹೊಡೆಯುವವ, ಪಾನಾ ಹಿಡಿದ ಹುಡುಗ, ಎಲ್ಲರೂ ಗಾಡಿಯ ಸುತ್ತ ನಿಂತಿರುತ್ತಾರೆ. ಕೈತುಂಬ ಗ್ರೀಸು, ತೊಳೆದುಕೊಂಡು ತಾಟಿನ ಮುಂದೆ ಕೂಡ್ರಲು ಪುರಸೊತ್ತಿಲ್ಲ. ಕಾಗದದ ಸಮೇತ ಹಿಡಿದು ತಿಂದರೆ ಬೆರಳಿನ ಮಸಿ ಪಾವಿಗೆ ತಾಗುವುದಿಲ್ಲ. ಈ ತಿಂಡಿ ಹುಟ್ಟಿದ್ದೂ ಇಂಥ ಕೈಗಳಿಗಾಗಿಯೇ. ಮುಂಬಯಿಯ ದಾದರ್ ನಿಲ್ದಾಣದ ಹೊರಗೆ 1966ರಲ್ಲಿ ಅಶೋಕ ವೈದ್ಯ ಎಂಬವರು ಬಟಾಟೆ ವಡೆಯನ್ನು ಪಾವಿನೊಳಗಿಟ್ಟು ಮಾರತೊಡಗಿದರೆಂದು ಪ್ರತೀತಿ. ಗಿರಣಿಗೆ ಓಡುವ ಕಾರ್ಮಿಕ ನಿಂತಲ್ಲೇ ತಿಂದು ಮುಂದೆ ನಡೆಯಬಹುದಾಗಿತ್ತು. 1982ರ ಗಿರಣಿ ಮುಷ್ಕರದ ತರುವಾಯ ಕೆಲಸ ಕಳೆದುಕೊಂಡ ಕೆಲವರು ತಾವೇ ಗಾಡಿ ಹಚ್ಚಿದರು. ತಿನ್ನುವವನ ಹೊಟ್ಟೆಯನ್ನೂ ಮಾರುವವನ ಹೊಟ್ಟೆಯನ್ನೂ ತುಂಬಿಸಿದ ತಿಂಡಿಯಿದು.

ಹೆಸರು ಮಾತ್ರ ಊರಿಂದೂರಿಗೆ ಮೈ ಬದಲಿಸುತ್ತದೆ. ನಾಸಿಕದವರು ಪದಗಳನ್ನು ತಿರುವಿ ಪಾವ್‌ವಡಾ ಎನ್ನುತ್ತಾರೆ. ಅಲ್ಲಿ ಪದದಂತೆ ಪದಾರ್ಥವೂ ತಿರುವುಮುರುವು, ಪಲ್ಯ ತುಂಬಿದ ಪಾವನ್ನೇ ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ಕಚ್ಛದ ಮಾಂಡವಿಯಲ್ಲಿ ಹುಟ್ಟಿದ ಇದರ ದಾಯಾದಿಗೆ ದಾಬೇಲಿ ಎಂದು ಹೆಸರು. ಗುಜರಾತಿಯಲ್ಲಿ ‘ಒತ್ತಿದ್ದು’ ಎಂದರ್ಥ. ಬೆಂಗಳೂರಿನ ಬೇಕರಿಗಳಲ್ಲಿ ಕಾಂಗ್ರೆಸ್ ಬನ್ನು ದೊರೆಯುತ್ತದೆ: ಬೆಣ್ಣೆ ಸವರಿದ ಬನ್ನಿನೊಳಗೆ ಖಾರ ಹಚ್ಚಿದ, ಎರಡಾಗಿ ಸೀಳಿದ ಕಡಲೆಬೀಜ. 1969ರಲ್ಲಿ ಕಾಂಗ್ರೆಸ್ ಇಬ್ಭಾಗವಾದಾಗ ಈ ಇಬ್ಭಾಗದ ಬೀಜಕ್ಕೆ ಆ ಹೆಸರು ಬಂತೆಂದು ಹೇಳುವುದುಂಟು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನವನ್ನು 1924ರಲ್ಲಿ ಕಂಡ ನಮ್ಮೂರಿನವರಿಗೆ ಕಾಂಗ್ರೆಸ್ಸನ್ನು ಬನ್ನಿನೊಳಗೆ ಕಾಣುವುದು ಸ್ವಲ್ಪ ಕಷ್ಟವೇ. ಆ ಕಡೆಯ ಬಂಧುಗಳು ಇಲ್ಲಿಗೆ ಬಂದರೆ ನಮ್ಮ ಬಟಾಟೆ ವಡೆಯನ್ನು ಕಂಡು, “ಇದು ಆಲೂಗಡ್ಡೆ ಬೋಂಡ ಅಲ್ಲವೇನ್ರೀ?” ಎನ್ನುತ್ತಾರೆ.

ಪಾವ್ ಎಂಬ ಮಾತಿನ ಹುಟ್ಟಿನ ಬಗೆಗೆ ಗಾಡಿಯ ಬಳಿ ಎರಡು ಕಥೆ ಕೇಳಬಹುದು. ನಾಲ್ಕು ನಾಲ್ಕು ಅಂಟಿಕೊಂಡಿರುವುದರಿಂದ ಒಂದೊಂದು ಕಾಲುಭಾಗ, ಎಂದರೆ ಪಾವು, ಎಂಬುದು ಒಂದು. ಅಕ್ಕಿಯನ್ನು ಪಾವಿನಲ್ಲಿ ಅಳೆದ ಕನ್ನಡಿಗರಿಗೆ ಇದು ಸಲೀಸಾಗಿ ಗಂಟಲಿಗಿಳಿಯುತ್ತದೆ. ಹಿಟ್ಟನ್ನು ಪಾದದಿಂದ ತುಳಿದು ನಾದುತ್ತಿದ್ದುದರಿಂದ ಪಾವ್ ಎಂಬುದು ಇನ್ನೊಂದು. ಇದು ಇಳಿಯುವುದು ಕಠಿಣ. ನಿಜವಾಗಿ ಅದು ಪೋರ್ತುಗೀಜರ ಮಾತು. ಮೂಗಿನಿಂದ ಕೊಂಚ ಎಳೆದು ಅವರು ರೊಟ್ಟಿಗೆ ಹೇಳುವ ಹೆಸರೇ ಇದು. 1510ರಿಂದ 1961ರವರೆಗೆ ಅವರಾಳಿದ ಗೋವೆಯಲ್ಲಿ ಹುದುಗಿಗೆ ಸೇಂದಿ ಹಾಕಿ ಪಾವ್ ಸುಡುತ್ತಿದ್ದರು. ಸುಡುವವನು ಪೊದೇರ, ಅದೂ ಅವರ ಭಾಷೆಯಿಂದ ಬಂದದ್ದೇ. ಆ ಗೋವೆಗೂ ನಮಗೂ ನಡುವೆ ಇರುವುದು ಖಾನಾಪುರದ ಕಾಡು ಮತ್ತು ಒಂದು ಘಟ್ಟ, ಅಷ್ಟೆ. ಬಟಾಟೆಯೂ ಅವರಿಂದ ಬಂದ ಪದ. ಮೆಣಸಿನಕಾಯಿಯನ್ನು ತಂದವರೂ ಅವರೇ. ಆದರೆ ಅದಕ್ಕೆ ಮಾತ್ರ ನಾವು ಮನೆಯ ಮೆಣಸಿನ ಹೆಸರನ್ನೇ ಉಡಿಸಿ ಮಗಳಾಗಿಸಿಕೊಂಡೆವು.

ಉಳಿದದ್ದು ವಡೆ. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಹಾಲಿನಲ್ಲಿ ನೆನೆಸಿದ ವಡೆಯ ಮಾತು ಬರುತ್ತದೆ. ಸಂಸ್ಕೃತದ ವಟಕದೊಡನೆ ವಡೆಗೆ ನಂಟು ಹೇಳುತ್ತಾರೆ. ಅಂದಮೇಲೆ ವಡಾಪಾವ್ ಎಂಬಲ್ಲಿ ಸಂಸ್ಕೃತದ ಮೊಮ್ಮಗ ಪೋರ್ತುಗೀಜರ ಮಗಳ ಕೈ ಹಿಡಿದಿದ್ದಾನೆ! ನಾನು ತರಗತಿಯಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಪಾಠ ಹೇಳುವವನು. ಸಂಸ್ಕೃತ ಪದವೂ ಕನ್ನಡ ಪದವೂ ಕೂಡಿದರೆ ಅದು ಅರಿಸಮಾಸ, ಹಗೆಗಳ ಕೂಟ. ಹಿಂದಿನವರು ಒಪ್ಪಿದ ಪ್ರಯೋಗಗಳನ್ನೂ ಬಿರುದಾವಳಿಗಳನ್ನೂ ಬಿಟ್ಟರೆ ಸಲ್ಲದು ಎಂದು ಅವನ ಕಟ್ಟಳೆ. ಇದನ್ನು ವಿವರಿಸುತ್ತಿದ್ದಾಗ ಆಟೋ ನಗರದ ಮೇಸ್ತ್ರಿಯೊಬ್ಬರ ಮಗ ಎದ್ದು ನಿಂತ. “ಸರ, ಮನ್ಯಾಗ ಮರಾಠಿ, ಗ್ಯಾರೇಜಿನ್ಯಾಗ ಉರ್ದು, ಇಲ್ಲಿ ಕನ್ನಡ. ಹಂಗಾರ ನಾನೂ ಅರಿಸಮಾಸ ಏನ್ರಿ?” ತರಗತಿ ನಕ್ಕಿತು. ಅವನು ನಗಲಿಲ್ಲ.

“ಹಿಂದಿನವರು ಒಪ್ಪಿದ್ದು ಸಲ್ಲುತ್ತದೆ ಎಂದು ಕೇಶಿರಾಜನೇ ಹೇಳಿದ್ದಾನಪ್ಪ. ನಿಮ್ಮ ಅಜ್ಜ, ನಮ್ಮ ಅಜ್ಜ ಈ ಊರಿನಲ್ಲಿ ಎಂದೋ ಒಪ್ಪಿ ಆಗಿದೆ” ಎಂದೆ. ಅವನು ಕುಳಿತ.

ಆ ಪ್ರಶ್ನೆ ವ್ಯಾಕರಣದ್ದಲ್ಲವೆಂದು ಈ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಊರಿನ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಬೆಳಗಾವಿಯಾಯಿತು. ಅಂಗಡಿಯ ಫಲಕದಲ್ಲಿ ಅರವತ್ತು ಪಾಲು ಕನ್ನಡವಿರಬೇಕೆಂದು 2024ರಲ್ಲಿ ಕಾಯಿದೆಯಾಯಿತು. ಕನ್ನಡ ಕಲಿಸುವ ನನಗೆ ಇದರಲ್ಲಿ ಸಂತೋಷವೇ ಇದೆ. ಆದರೆ ಒಬ್ಬರ ಅಕ್ಷರಕ್ಕೆ ಇನ್ನೊಬ್ಬರು ಮಸಿ ಬಳಿದ ಮರುದಿನ, ಅಂಜಿ ಗಾಡಿ ಹಚ್ಚದೆ ಮನೆಯಲ್ಲಿ ಕೂತವರ ಆ ಒಂದು ದಿನದ ಗಳಿಕೆಯನ್ನು ಯಾರು ತುಂಬಿಕೊಡಬೇಕು?

ಖಾನಾಪುರದ ಕಡೆಯ ಮಾವಶಿಯೊಬ್ಬರು ಆಟೋ ನಗರದಲ್ಲಿ ಗಾಡಿ ಇಟ್ಟಿದ್ದಾರೆ. ಮನೆಮಾತು ಮರಾಠಿ. ಕನ್ನಡ ಫಲಕ ಬರೆಸುವಾಗ ನನ್ನನ್ನು ಕೇಳಿದರು. ವಡೆಪಾವು ಎಂದೂ ಬರೆಯಬಹುದು, ವಡಾಪಾವ್ ಎಂದೂ ಬರೆಯಬಹುದು ಎಂದೆ. “ವಡೆ ಅಂದ್ರ ಮಂದಿ ಉದ್ದಿನ ವಡೆ ಕೇಳ್ತಾರ್ರಿ ಸರ. ಮಂದಿ ಬಾಯಾಗ ಹೆಂಗ ಐತಿ ಹಂಗ ಬರದ ಕೊಡ್ರಿ” ಎಂದರು. ಹಾಗೆಯೇ ಬರೆದುಕೊಟ್ಟೆ. ವ್ಯಾಕರಣ ಹೇಳುವವನೂ ಕಡೆಗೆ ತಲೆಬಾಗಬೇಕಾದದ್ದು ರೂಢಿಗೇ ಅಲ್ಲವೆ?